ಬಿಡಿಭಾಗ ಬೆಳಗಾವಿಯದ್ದು, ಕೋರ್ಟು ದೆಹಲಿಯದ್ದು
ಬೆಳಗಾವಿಯ ಆಟೋ ನಗರದ ಬಿಡಿಭಾಗ ತಯಾರಕನೊಬ್ಬನ ಮೇಲೆ ದೆಹಲಿಯ ಕಂಪನಿ ‘ನಮ್ಮ ಟ್ರೇಡ್‌ಮಾರ್ಕ್ ಬಳಸಿದ್ದಾನೆ’ ಅಂತ ದಾವೆ ಹೂಡಿತು ಅಂದ್ಕೊಳ್ಳಿ. ವಿಚಾರಣೆ ಎಲ್ಲಿ? ಮಾಮೂಲಿ ಸಿವಿಲ್ ದಾವೆಯಾದರೆ ಪ್ರತಿವಾದಿ ಇರುವ ಅಥವಾ ವಿವಾದ ಹುಟ್ಟಿದ ಊರಲ್ಲಿ. ಆದರೆ 1999ರ ಟ್ರೇಡ್‌ಮಾರ್ಕ್ ಕಾಯ್ದೆಯ ಸೆಕ್ಷನ್ 134, ನೋಂದಾಯಿತ ಮಾರ್ಕಿನ ಒಡೆಯ ತಾನು ವ್ಯವಹಾರ ನಡೆಸುವ ಊರಲ್ಲೇ ದಾವೆ ಹೂಡಲು ಬಿಡುತ್ತದೆ.

ಸಣ್ಣ ಒಡೆಯರು ಊರೂರು ಅಲೆಯಬಾರದು ಅನ್ನೋದಾದರೆ ಸರಿ. ದೊಡ್ಡ ಕಂಪನಿಗಳಿಗೆ ಅದೇ ಅಸ್ತ್ರ. 2015ರ ಸಂಜಯ್ ದಾಲಿಯಾ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಲಗಾಮು ಹಾಕಿತು: ಪ್ರಧಾನ ಕಚೇರಿ ಇರುವಲ್ಲೇ ವಿವಾದ ಹುಟ್ಟಿದ್ದರೆ ದೂರದ ಶಾಖೆಯ ಊರಿಗೆ ಎಳೆಯುವಂತಿಲ್ಲ. ಆದರೆ ಪ್ರಧಾನ ಕಚೇರಿಯೇ ದೆಹಲಿಯಲ್ಲಿದ್ದು, ಬೆಳಗಾವಿಯಲ್ಲಿ ಶಾಖೆಯೇ ಇಲ್ಲದಿದ್ದರೆ? ದೆಹಲಿಗೇ ಹೋಗಬೇಕು. ತಪ್ಪು ಮಾಡದವನೂ ಖರ್ಚಿಗೆ ಹೆದರಿ ರಾಜಿಗೆ ಸಹಿ ಹಾಕಬಹುದು. ಈ ರಿಯಾಯಿತಿ ಸಣ್ಣವರಿಗಷ್ಟೇ ಇರಲಿ. ದೊಡ್ಡವರು ಬೆಳಗಾವಿಯ ಜಿಲ್ಲಾ ಕೋರ್ಟಿಗೇ ಬರಲಿ.