ಸಂತೆಯ ಬಾಣಲೆ ಇರುವಾಗ 'ವಾಕ್' ಯಾಕೆ?

'ವಾಕ್' ಅಂದ್ರೆ ಬೆಳಗಿನ ವಾಕಿಂಗ್ ಅಲ್ಲ! ಚೀನೀ ಅಡುಗೆಯವರು ದೊಡ್ಡ ಉರಿಯ ಮೇಲೆ ನೂಡಲ್ಸ್ ಹಾರಿಸಿ ಹಾರಿಸಿ ಹುರಿಯುತ್ತಾರಲ್ಲ, ಆ ಗುಂಡು ತಳದ ಪಾತ್ರೆ. ಟಿವಿಯ ಅಡುಗೆ ಕಾರ್ಯಕ್ರಮ, ಮೊಬೈಲ್‌ನ ರೆಸಿಪಿ ವಿಡಿಯೊ ನೋಡಿ ನೋಡಿ ನಮ್ಮ ಹಾಸನ, ಹೊಳೆನರಸೀಪುರದ ಮನೆಗಳಲ್ಲೂ 'ನಮಗೂ ಒಂದು ವಾಕ್ ಇರಲಿ' ಅನ್ನೋ ಆಸೆ ಹುಟ್ಟಿದೆ. ಆಸೆ ತಪ್ಪೇನಲ್ಲ. ಆದರೆ ಅಂಗಡಿಯಲ್ಲೋ ಆನ್‌ಲೈನ್‌ನಲ್ಲೋ 'ವಾಕ್' ಅಂತ ಕೇಳಿದರೆ ಹೆಚ್ಚಾಗಿ ಕೈಗೆ ಬರುವುದು ನಾನ್‌ಸ್ಟಿಕ್ ಲೇಪನದ, ಉದ್ದ ಹಿಡಿಯ, ದುಬಾರಿ ಪಾತ್ರೆ. ಅಸಲಿ ವಾಕ್ ಮಾಡುವ ಕೆಲಸಕ್ಕೇ ಅದು ಬರುವುದಿಲ್ಲ ಅನ್ನೋದು ತಮಾಷೆ.

ಅಸಲಿ ವಾಕ್ ಅಂದರೆ ತೆಳುವಾದ ಕಬ್ಬಿಣದ ಅಥವಾ ಉಕ್ಕಿನ ತಗಡನ್ನು ತಟ್ಟಿ ಬಗ್ಗಿಸಿದ ಪಾತ್ರೆ, ಅಷ್ಟೇ. ಉರಿ ಏರಿಸಿದರೆ ತಕ್ಷಣ ಕಾಯಬೇಕು, ಇಳಿಸಿದರೆ ಬೇಗ ತಣಿಯಬೇಕು. ತಳ ಕಿರಿದು, ಬಾಯಿ ಅಗಲ. ಸ್ವಲ್ಪ ಎಣ್ಣೆ ಸಾಕು, ಅದು ತಳದಲ್ಲೇ ನಿಲ್ಲುತ್ತೆ; ಬೆಂದದ್ದನ್ನು ಪಕ್ಕಕ್ಕೆ ಸರಿಸಿ ಹಸಿಯದನ್ನು ನಡುವೆ ಹಾಕಬಹುದು. ಈ ವರ್ಣನೆ ಓದಿದಾಗ ಏನು ನೆನಪಾಯ್ತು ಹೇಳಿ? ಅಜ್ಜಿ ಕಾಲದ ಕಬ್ಬಿಣದ ಬಾಂಡ್ಲಿ! ವ್ಯತ್ಯಾಸ ಇರೋದು ಕೈಹಿಡಿಯಲ್ಲಿ ಮಾತ್ರ. ಚೀನಾದವರಲ್ಲೂ ಎರಡು ಕಿವಿ ಇರುವ ವಾಕ್ ಉಂಟು. ಹಾಗಾಗಿ ಹಾರಿಸುವ ಸರ್ಕಸ್ ಬಿಟ್ಟು ಮೊಗಚೋ ಕೈ ಹಿಡಿದುಕೊಳ್ಳಿ, ಊಟ ಅಷ್ಟೇ ರುಚಿ.

ಕಬ್ಬಿಣದ ಬಾಣಲೆಯಲ್ಲೂ ಎರಡು ಜಾತಿ. ಬೀಡಿನದು, ಅಂದರೆ ಎರಕ ಹೊಯ್ದದ್ದು, ದಪ್ಪ, ಭಾರ. ನಿಧಾನವಾಗಿ ಕಾಯುತ್ತೆ, ಕಾವನ್ನು ಬಹಳ ಹೊತ್ತು ಹಿಡಿದಿಡುತ್ತೆ. ಕೋಳಿ ಫ್ರೈ, ಹುರುಳಿಕಾಳು ಹುರಿಯೋದು, ಬೋಂಡ ಕರಿಯೋದಕ್ಕೆ ಅದು ಚೆನ್ನ. ಕೈ ಜಾರಿ ಸಿಮೆಂಟ್ ನೆಲಕ್ಕೆ ಬಿದ್ದರೆ ಒಡೆದೀತು. ತಗಡು ತಟ್ಟಿ ಮಾಡಿದ ಬಾಣಲೆ ಹಗುರ, ಬಿದ್ದರೆ ನೆಗ್ಗುತ್ತೆ, ಒಡೆಯೋಲ್ಲ. ವಾಕ್ ಅಡುಗೆಗೆ ಬೇಕಾದ್ದು ಈ ಎರಡನೆಯದು. ನಾಲ್ಕು ಜನರ ಮನೆಗೆ ಹನ್ನೊಂದು ಹನ್ನೆರಡು ಅಂಗುಲದ ಬಾಯಿ, ಎರಡು ಮಿಲಿಮೀಟರ್ ಆಸುಪಾಸು ದಪ್ಪ ಸಾಕು. ದೊಡ್ಡದಿದ್ದರೆ ಬೀಗರು ಬಂದಾಗ ಆಗುತ್ತೆ ಅಂತ ಹದಿನಾರು ಅಂಗುಲದ್ದು ತರಬೇಡಿ. ಮನೆಯ ಬರ್ನರ್ ಅದರ ತಳವನ್ನಷ್ಟೇ ಕಾಯಿಸುತ್ತೆ.

ಎಲ್ಲಿ ಸಿಗುತ್ತೆ ಅಂತೀರಾ? ಊರಿನ ಹಳೆಯ ಪಾತ್ರೆ ಅಂಗಡಿ, ವಾರದ ಸಂತೆ, ಜಾತ್ರೆ. ಅರಕಲಗೂಡಿನ ಕಡೆಯವರು ರಾಮನಾಥಪುರದ ಷಷ್ಠಿ ಜಾತ್ರೆಗೆ ಹೋದಾಗ, ಚನ್ನರಾಯಪಟ್ಟಣದವರು ಬೂಕನಬೆಟ್ಟದ ಜಾತ್ರೆಗೆ ಹೋದಾಗ ಬಳೆ ಅಂಗಡಿಯ ಜೊತೆಗೆ ಕುಡುಗೋಲು, ಮಚ್ಚು ಮಾರುವ ಸಾಲಿನ ಕಡೆಯೂ ಒಂದು ಸುತ್ತು ಹಾಕಿ. ಪರ್ಸ್‌ನಲ್ಲಿ ಒಂದು ಸಣ್ಣ ಆಯಸ್ಕಾಂತ ಇರಲಿ, ಫ್ರಿಜ್ ಬಾಗಿಲಿಗೆ ಅಂಟಿಸುವಂಥದ್ದು. ಕಪ್ಪು ಬಣ್ಣ ಬಳಿದ ಅಲ್ಯೂಮಿನಿಯಂ ಆದರೆ ಅದು ಅಂಟೋಲ್ಲ. ಬಿಳಿ ಕಾಗದದಿಂದ ಒಳಗೆ ಗಟ್ಟಿಯಾಗಿ ಒರೆಸಿ ನೋಡಿ: ಎಣ್ಣೆ ಜಿಡ್ಡು ಬಂದರೆ ಪರವಾಗಿಲ್ಲ, ತೊಳೆದರೆ ಹೋಗುತ್ತೆ, ಪೇಂಟ್ ಬಂದರೆ ಬೇಡವೇ ಬೇಡ. ಕಿವಿಗಳ ರಿವೆಟ್ ಅಲುಗಾಡಬಾರದು. ತಳ ಪೂರ್ತಿ ಗುಂಡಾಗಿದ್ದರೆ ಗ್ಯಾಸ್ ಒಲೆಯ ಮೇಲೆ ತೂಗಾಡುತ್ತೆ. ಅಂಗೈಯಷ್ಟು ಚಪ್ಪಟೆ ಇರುವುದನ್ನೇ ಆರಿಸಿ. ಇಂಡಕ್ಷನ್ ಒಲೆಯವರಿಗಂತೂ ಚಪ್ಪಟೆ ತಳ ಬಿಟ್ಟು ಬೇರೆ ದಾರಿಯೇ ಇಲ್ಲ.

ನಾನ್‌ಸ್ಟಿಕ್ ಯಾಕೆ ಬೇಡ? ಎಲ್ಲದಕ್ಕೂ ಬೇಡ ಅಂತಲ್ಲ. ಸಣ್ಣ ಉರಿಯಲ್ಲಿ ದೋಸೆ, ಆಮ್ಲೆಟ್ ಮಾಡಿಕೊಳ್ಳುವವರನ್ನು ಹೆದರಿಸೋದು ನಮ್ಮ ಉದ್ದೇಶವೂ ಅಲ್ಲ. ಆದರೆ ವಾಕ್ ಅಡುಗೆಯ ಜೀವಾಳವೇ ದೊಡ್ಡ ಉರಿ. ನಾನ್‌ಸ್ಟಿಕ್ ಲೇಪನ 260 ಡಿಗ್ರಿ ಸೆಲ್ಸಿಯಸ್ ದಾಟಿದರೆ ಕೆಡಲು ಶುರುವಾಗುತ್ತೆ. ಖಾಲಿ ಪಾತ್ರೆಯನ್ನು ದೊಡ್ಡ ಉರಿಯ ಮೇಲಿಟ್ಟು ಫೋನ್‌ನಲ್ಲಿ ಮಾತಾಡುತ್ತಾ ನಿಂತರೆ ಅಷ್ಟು ಬಿಸಿಯಾಗಲು ಕೆಲವೇ ನಿಮಿಷ ಸಾಕು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರ ಮೇ ತಿಂಗಳಲ್ಲಿ ಹೊರತಂದ ಆಹಾರ ಮಾರ್ಗಸೂಚಿ ಇನ್ನೂ ಹುಷಾರಿ, 170 ಡಿಗ್ರಿ ದಾಟಿಸುವುದೇ ಅಪಾಯ ಅನ್ನುತ್ತೆ. ಲೇಪನ ಕಿತ್ತುಹೋದ ಪಾತ್ರೆ ಬಳಸಲೇಬೇಡಿ ಅಂತಲೂ ಹೇಳುತ್ತೆ. ನಮ್ಮ ಎಷ್ಟು ಅಡುಗೆಮನೆಗಳಲ್ಲಿ ಬೊಕ್ಕೆ ಎದ್ದ ನಾನ್‌ಸ್ಟಿಕ್ 'ಇನ್ನೊಂದು ವರ್ಷ ಬರಲಿ' ಅಂತ ಉಳಿದಿಲ್ಲ! ಹಿಂಡಾಲಿಯಂ ಬಾಣಲೆ ಇದೆಯಲ್ಲ ಅನ್ನುವವರಿಗೆ ಇನ್ನೊಂದು ಸುದ್ದಿ. ಕೆಲವು ಆಮದು ಹಿಂಡಾಲಿಯಂ ಪಾತ್ರೆಗಳಿಂದ ಸೀಸ ಆಹಾರಕ್ಕೆ ಇಳಿಯುತ್ತಿದೆ ಎಂದು ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 2025ರ ಆಗಸ್ಟ್‌ನಲ್ಲಿ ಎಚ್ಚರಿಸಿತು. ಎಲ್ಲ ಹಿಂಡಾಲಿಯಮ್ಮೂ ಹಾಗೆ ಅಂತ ಅರ್ಥವಲ್ಲ. ಆದರೂ ಹೆಸರಿಲ್ಲದ, ಮುದ್ರೆ ಇಲ್ಲದ ಅಗ್ಗದ ಪಾತ್ರೆ ಬೇಡ. ಅಮೆರಿಕದಲ್ಲಿರುವ ಮಗಳಿಗೆ ಪಾತ್ರೆ ಕಟ್ಟಿ ಕಳಿಸುವ ಅಮ್ಮಂದಿರೂ ಗಮನಿಸಿ.

ಕಬ್ಬಿಣದ ಪರವಾಗಿ ಇಷ್ಟು ಮಾತಾಡೋಕೆ ಇನ್ನೊಂದು ಕಾರಣ ನಮ್ಮ ಮೈಯೊಳಗೇ ಇದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಶೇ 47.8ರಷ್ಟು ಮಂದಿಗೆ ರಕ್ತಹೀನತೆ. ಹತ್ತಿರ ಹತ್ತಿರ ಇಬ್ಬರಲ್ಲಿ ಒಬ್ಬರು! ಮೆಟ್ಟಿಲು ಹತ್ತಿದರೆ ಏದುಸಿರು, ಸಂಜೆಗೆ ಸುಸ್ತು, ತಲೆ ಸುತ್ತು. ಇದೆಲ್ಲ 'ಮನೆಕೆಲಸ ಜಾಸ್ತಿ' ಅಂತ ನಾವೇ ಸಮಾಧಾನ ಮಾಡಿಕೊಳ್ಳುತ್ತೇವೆ. ಇಥಿಯೋಪಿಯಾದಲ್ಲಿ ನಡೆಸಿ 1999ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಕಬ್ಬಿಣದ ಪಾತ್ರೆಯ ಅಡುಗೆ ಉಂಡ ಮಕ್ಕಳ ಹಿಮೋಗ್ಲೋಬಿನ್ ಅಲ್ಯೂಮಿನಿಯಂ ಪಾತ್ರೆಯ ಅಡುಗೆ ಉಂಡವರಿಗಿಂತ ಹೆಚ್ಚು ಏರಿತ್ತು. ನೀರಿನಂಶ, ಹುಳಿ ಇದ್ದು ಸ್ವಲ್ಪ ಹೊತ್ತು ಬೇಯುವ ಅಡುಗೆಗೆ ಕಬ್ಬಿಣ ಹೆಚ್ಚು ಇಳಿಯುತ್ತೆ. ಎರಡು ನಿಮಿಷದ ಹುರಿಯುವಿಕೆಗೆ, ಚೆನ್ನಾಗಿ ಪಳಗಿದ ಬಾಣಲೆಯಿಂದ ಕಡಿಮೆ. ಆದ್ದರಿಂದ ಬಾಣಲೆ ತಂದೆವು ಅಂತ ಡಾಕ್ಟರು ಕೊಟ್ಟ ಮಾತ್ರೆ ನಿಲ್ಲಿಸಬೇಡಿ. ಥಲಸ್ಸೀಮಿಯಾ ಇರುವ ಮನೆಯವರು ಡಾಕ್ಟರನ್ನು ಕೇಳಿಯೇ ಬಳಸಿ. ಸೊಪ್ಪಿನ ಪಲ್ಯಕ್ಕೆ ಒಂದು ಹೋಳು ನಿಂಬೆಹಣ್ಣು ಹಿಂಡಿದರೆ ಕಬ್ಬಿಣಾಂಶ ಚೆನ್ನಾಗಿ ಮೈಗೆ ಹತ್ತುತ್ತೆ. ಊಟವಾದ ತಕ್ಷಣ ಕಾಫಿ ಕುಡಿದರೆ ಅದೇ ಕಬ್ಬಿಣ ಹೀರಿಕೊಳ್ಳೋದಕ್ಕೆ ಅಡ್ಡಿ. ಹಾಸನ ಜಿಲ್ಲೆಯವರಿಗೆ ಕಾಫಿ ಬಿಡಿ ಅನ್ನೋ ಧೈರ್ಯ ನಮಗಿಲ್ಲ, ಒಂದು ಗಂಟೆ ತಡ ಮಾಡಿ ಸಾಕು.

ಹೊಸ ಬಾಣಲೆಯನ್ನು ಪಳಗಿಸಬೇಕು. ಮೊದಲು ಪಾತ್ರೆ ಸೋಪು, ಬಿಸಿನೀರಲ್ಲಿ ಚೆನ್ನಾಗಿ ಉಜ್ಜಿ ಮೆಷಿನ್ ಎಣ್ಣೆ ತೆಗೆಯಿರಿ. ಒಲೆಯ ಮೇಲೆ ಇಟ್ಟು ನೀರು ಪೂರ್ತಿ ಆರಿಸಿ. ಕಿಟಕಿ ತೆರೆದಿರಲಿ, ಎಕ್ಸಾಸ್ಟ್ ಫ್ಯಾನ್ ತಿರುಗುತ್ತಿರಲಿ. ದೊಡ್ಡ ಉರಿಯಲ್ಲಿ ಸುತ್ತ ತಿರುಗಿಸುತ್ತಾ ಕಾಯಿಸಿದರೆ ಬೂದು ಬಣ್ಣ ನೀಲಿಗೆ ತಿರುಗುತ್ತೆ. ಸ್ವಲ್ಪ ಆರಿದ ಮೇಲೆ ಹತ್ತಿ ಬಟ್ಟೆಯಿಂದ ಸೂರ್ಯಕಾಂತಿ ಎಣ್ಣೆಯನ್ನು ತೆಳ್ಳಗೆ ಸವರಿ, ಹೆಚ್ಚಾದದ್ದನ್ನು ಒರೆಸಿ ತೆಗೆದು, ಹೊಗೆ ಬಂದು ನಿಲ್ಲುವ ತನಕ ಕಾಯಿಸಿ. ಎಣ್ಣೆ ಜಾಸ್ತಿಯಾದರೆ ಅಂಟಂಟು ಪದರ ಕೂರುತ್ತೆ, ಅದಕ್ಕೇ ಒರೆಸೋದು. ಹೀಗೆ ಮೂರು ನಾಲ್ಕು ಸಲ. ತೆಂಗಿನ ಸೀಮೆಯಾದ ಚನ್ನರಾಯಪಟ್ಟಣದವರು ಬೇಜಾರು ಮಾಡ್ಕೋಬೇಡಿ, ಕೊಬ್ಬರಿ ಎಣ್ಣೆ ಈ ಕೆಲಸಕ್ಕೆ ಆಗೋಲ್ಲ, ಅದು ಗಟ್ಟಿ ಪದರವಾಗಿ ಕೂರುವುದಿಲ್ಲ. ಕೊನೆಗೆ ಈರುಳ್ಳಿ ಸಿಪ್ಪೆ, ಒಂದು ಹಿಡಿ ಉಪ್ಪು ಹಾಕಿ ಹುರಿದು ಎಸೆದರೆ ಕಬ್ಬಿಣದ ವಾಸನೆ ಹೋಗುತ್ತೆ.

ಈಗ ಅಡುಗೆ. ಹೋಟೆಲಿನ ಒಲೆಯ ಉರಿ ಮನೆಯ ಬರ್ನರ್‌ಗಿಂತ ಎಷ್ಟೋ ಪಟ್ಟು ಜೋರು. ಅದಕ್ಕೇ ಅಲ್ಲಿ ಒಂದು ರಾಶಿ ಹಾಕಿದರೂ ಗರಿಗರಿ, ನಮ್ಮಲ್ಲಿ ನೀರು ಬಿಟ್ಟು ಬೆಂದ ಪಲ್ಯ. ಉಪಾಯ ಸರಳ: ಇಬ್ಬರಿಗೆ ಆಗುವಷ್ಟೇ ಒಂದು ಸಲಕ್ಕೆ. ತರಕಾರಿ ತೊಳೆದು ಒರೆಸಿರಬೇಕು, ಒಂದೇ ಗಾತ್ರಕ್ಕೆ ಹೆಚ್ಚಿರಬೇಕು. ಬೆಳ್ಳುಳ್ಳಿಯಿಂದ ಉಪ್ಪಿನವರೆಗೆ ಎಲ್ಲ ಕೈಗೆ ಸಿಗುವ ಹಾಗೆ ಇಟ್ಟುಕೊಂಡೇ ಒಲೆ ಹಚ್ಚಿ, ಆಮೇಲೆ ಹುಡುಕಲು ಸಮಯ ಇರೋಲ್ಲ. ಬಾಣಲೆ ಚೆನ್ನಾಗಿ ಕಾದ ಮೇಲೆ ಎಣ್ಣೆ, ಉಪ್ಪು ಕಡೆಗೆ.

ಶುರು ಮಾಡೋಕೆ ನಮ್ಮ ಆಲೂಗಡ್ಡೆಯೇ ಸಾಕು. ಚೀನಾದ ಮನೆಗಳಲ್ಲಿ ಆಲೂಗಡ್ಡೆಯನ್ನು ಬೆಂಕಿಕಡ್ಡಿಯಂತೆ ಹೆಚ್ಚಿ, ವಿನೆಗರ್ ಹಾಕಿ, ಅರೆಬೆಂದಾಗಲೇ ಇಳಿಸುವ ಪಲ್ಯ ದಿನನಿತ್ಯದ್ದು. ಹಾಸನದ ಗಡ್ಡೆಗೆ ಇದು ಹೇಳಿ ಮಾಡಿಸಿದ ಹಾಗಿದೆ! ಎರಡು ಮಧ್ಯಮ ಗಡ್ಡೆಯನ್ನು ತೆಳ್ಳಗೆ ಉದ್ದುದ್ದ ಹೆಚ್ಚಿ ನೀರಲ್ಲಿ ಹತ್ತು ನಿಮಿಷ ನೆನೆಸಿ, ನೀರು ತಿಳಿಯಾಗುವ ತನಕ ಎರಡು ಮೂರು ಸಲ ತೊಳೆಯಿರಿ. ಗಂಜಿ ಹೋಗದಿದ್ದರೆ ಮುದ್ದೆಯಾಗುತ್ತೆ. ಬಟ್ಟೆಯ ಮೇಲೆ ಹರಡಿ ಒರೆಸಿ. ಕಾದ ಬಾಣಲೆಗೆ ಎರಡು ಚಮಚ ಕಡಲೆಕಾಯಿ ಎಣ್ಣೆ, ಸಾಸಿವೆ, ಒಣಮೆಣಸಿನಕಾಯಿ, ಕರಿಬೇವು, ಜಜ್ಜಿದ ಬೆಳ್ಳುಳ್ಳಿ. ಆಲೂಗಡ್ಡೆ ಸುರಿದು ದೊಡ್ಡ ಉರಿಯಲ್ಲಿ ಮೂರು ನಿಮಿಷ ಬಿಡದೆ ಮೊಗಚಿ. ಉಪ್ಪು, ಅರ್ಧ ಹೋಳು ನಿಂಬೆರಸ, ಕೊತ್ತಂಬರಿ. ಹಲ್ಲಿಗೆ ಕರಂ ಅನ್ನುವಾಗಲೇ ಇಳಿಸಿ. ಸೊಗಡಿನ ಅವರೆ ಸೀಸನ್‌ನಲ್ಲಿ ಬೇಯಿಸಿದ ಹಿತಕಿದ ಬೇಳೆಯನ್ನೂ ಇದೇ ರೀತಿ ಕಡೆಯಲ್ಲಿ ಸೇರಿಸಬಹುದು.

ಫ್ರೈಡ್ ರೈಸ್, ಚಿತ್ರಾನ್ನಕ್ಕೆ ಆರಿದ ಅನ್ನ ಬೇಕು ನಿಜ. ಆದರೆ ರಾತ್ರಿಯಿಡೀ ಹೊರಗಿಟ್ಟ ಅನ್ನ ಬೇಡ. ಅದರಲ್ಲಿ ಬೆಳೆಯುವ ಬ್ಯಾಕ್ಟೀರಿಯಾದ ವಿಷ ಮತ್ತೆ ಹುರಿದರೂ ಹೋಗುವುದಿಲ್ಲ. ಒಂದೆರಡು ಗಂಟೆಯೊಳಗೆ ಫ್ರಿಜ್‌ಗೆ ಸೇರಿಸಿ.

ಗೋಬಿ ಮಂಚೂರಿ ಇಲ್ಲದೆ ಬಾಣಲೆ ಮಾತು ಮುಗಿಯುತ್ತಾ? ಮಕ್ಕಳು ಬಿಡಬೇಕಲ್ಲ! 2024ರ ಮಾರ್ಚ್‌ನಲ್ಲಿ ನಮ್ಮ ರಾಜ್ಯ ಸರ್ಕಾರ ಗೋಬಿ ಮಂಚೂರಿ, ಬಾಂಬೆ ಮಿಠಾಯಿಗೆ ಕೃತಕ ಬಣ್ಣ ಹಾಕುವುದನ್ನು ನಿಷೇಧಿಸಿತು. ಪರೀಕ್ಷಿಸಿದ 171 ಗೋಬಿ ಮಾದರಿಗಳಲ್ಲಿ 107ರಲ್ಲಿ ಬಣ್ಣ ಸಿಕ್ಕಿತ್ತು. ಅದೇ ವರ್ಷ ಜೂನ್‌ನಲ್ಲಿ ಕಬಾಬ್‌ಗೂ ನಿಷೇಧ ಬಂತು. ಮನೆಯಲ್ಲಿ ಬ್ಯಾಡಗಿ ಮೆಣಸಿನಪುಡಿ ಇದ್ದರೆ ಬೇರೆ ಕೆಂಪು ಯಾಕೆ ಬೇಕು? ಕರಿಯುವಾಗ ಎಣ್ಣೆಗೆ ಬೆಂಕಿ ಹೊತ್ತಿದರೆ ನೀರು ಹಾಕಲೇಬೇಡಿ. ಗ್ಯಾಸ್ ಆರಿಸಿ, ಮುಚ್ಚಳ ಮುಚ್ಚಿ, ದೂರ ನಿಲ್ಲಿ. ಒಲೆ ಮುಂದೆ ನೈಲಾನ್ ಸೀರೆ, ನೈಟಿ ಬೇಡ. ಸೆರಗು ಸೊಂಟಕ್ಕೆ ಸಿಕ್ಕಿಸಿರಲಿ.

ಈ ಅಡುಗೆಯಲ್ಲಿ ಒಂದು ತೊಂದರೆ ಇದೆ, ಅದನ್ನು ಯಾವ ರೆಸಿಪಿ ವಿಡಿಯೊವೂ ಹೇಳೋಲ್ಲ. ಬಿಸಿಬಿಸಿಯಾಗಿ, ಸ್ವಲ್ಪ ಸ್ವಲ್ಪವೇ ಮಾಡಿ ಬಡಿಸಬೇಕಾದ್ದರಿಂದ ಒಲೆ ಮುಂದೆ ನಿಂತವಳ ಊಟ ಕೊನೆಗೆ, ಅದೂ ತಣ್ಣಗೆ. ರಕ್ತಹೀನತೆ ಯಾರಿಗೆ ಅಂತ ಮೇಲೆ ಓದಿದಿರಿ, ತಳದಲ್ಲಿ ಉಳಿದದ್ದು ಯಾರ ಪಾಲಿಗೆ ಅಂತ ನಿಮಗೇ ಗೊತ್ತು. ಮೊದಲ ಬಾಣಲೆಯ ಪಲ್ಯದಲ್ಲಿ ನಿಮ್ಮ ತಟ್ಟೆಗೂ ಹಾಕಿಕೊಳ್ಳಿ. ಎರಡನೇ ಸರದಿಗೆ ಮೊಗಚೋ ಕೈಯನ್ನು ಯಜಮಾನರಿಗೋ ಕಾಲೇಜಿಗೆ ಹೋಗುವ ಮಗನಿಗೋ ಕೊಡಿ. ಮೂರು ನಿಮಿಷದ ಕೆಲಸ, ಕಲಿಯಲಾರದಂಥದ್ದೇನಲ್ಲ.

ಕಬ್ಬಿಣದಲ್ಲಿ ಮಾಡಬಾರದ್ದೂ ಕೆಲವು ಇವೆ. ಬದನೆಕಾಯಿ, ಬಾಳೆಕಾಯಿ ಕಪ್ಪಾಗುತ್ತವೆ. ಹುಳಿಯವರೆಯಂಥ ಹುಣಸೆ ಜಾಸ್ತಿ ಇರುವ ಗೊಜ್ಜನ್ನು ಗಂಟೆಗಟ್ಟಲೆ ಕುದಿಸಿದರೆ ಪಳಗಿಸಿದ ಪದರ ಕಿತ್ತು ಬರುತ್ತೆ, ಒಗರು ಹತ್ತುತ್ತೆ. ಯಾವುದನ್ನೇ ಮಾಡಿ, ಬೆಂದ ತಕ್ಷಣ ಸ್ಟೀಲ್ ಪಾತ್ರೆಗೆ ಬಗ್ಗಿಸಿ. ಅಡುಗೆಯನ್ನು ಕಬ್ಬಿಣದಲ್ಲೇ ಬಿಡಬಾರದು. ತೊಳೆಯಲು ಬಿಸಿನೀರು, ತೆಂಗಿನ ನಾರು ಸಾಕು. ಸಿಂಕ್‌ನಲ್ಲಿ ರಾತ್ರಿ ನೆನೆಹಾಕಬೇಡಿ. ಮನೆಗೆಲಸದವರಿಗೂ ಇದನ್ನು ಮೊದಲೇ ಹೇಳಿಡಿ, ಇಲ್ಲದಿದ್ದರೆ ಸ್ಟೀಲ್ ನಾರಿನಲ್ಲಿ ಉಜ್ಜಿ ಫಳಫಳ ಹೊಳೆಸಿಬಿಡುತ್ತಾರೆ.

ಹಾಂ, ಸಂತೆಗೆ ಹೊರಡುವ ಮುಂಚೆ ಒಂದು ಸಲ ಅಟ್ಟ ಹುಡುಕಿ. ಅತ್ತೆಯವರ ಕಾಲದ ಬಾಂಡ್ಲಿ ಹಳೆ ಪೇಪರ್ ಕಟ್ಟಿನ ಹಿಂದೆ ತುಕ್ಕು ಹಿಡಿದು ಕೂತಿರಬಹುದು. ಬಿರುಕು, ತೂತು ಇಲ್ಲದಿದ್ದರೆ ತುಕ್ಕಿಗೆ ಹೆದರಬೇಡಿ. ಹುಣಸೆಹಣ್ಣು, ಕಲ್ಲುಪ್ಪು ಹಾಕಿ ಉಜ್ಜಿ, ಬೇಕಾದರೆ ಸ್ಟೀಲ್ ನಾರು ಹಿಡಿಯಿರಿ, ಈ ಒಂದು ಸಲಕ್ಕೆ ಅಡ್ಡಿಯಿಲ್ಲ. ತೊಳೆದು, ಒಲೆಯ ಮೇಲೆ ಆರಿಸಿ, ಎಣ್ಣೆ ಸವರಿ ಮೇಲೆ ಹೇಳಿದ ಹಾಗೆ ಮತ್ತೆ ಪಳಗಿಸಿ.