ರವದಿಗೆ ಬೆಂಕಿ ಇಟ್ಟವರಿಗೆ ದಂಡ ಬೇಕೇ?

ಪಂಜಾಬ್, ಹರಿಯಾಣದ ಭತ್ತದ ಕೂಳೆಯ ಹೊಗೆ ದೆಹಲಿಗೆ ಮುಟ್ಟುತ್ತದೆ, ಹಾಗಾಗಿ ಸುದ್ದಿಯಾಗುತ್ತದೆ. ಬೆಳಗಾವಿ, ಬಾಗಲಕೋಟೆ, ಮಂಡ್ಯದ ಕಬ್ಬಿನ ಗದ್ದೆಗಳ ಹೊಗೆಯನ್ನು ಕೇಳುವವರಿಲ್ಲ. ಪಂಜಾಬ್, ಹರಿಯಾಣದಲ್ಲಿ 2024ರ ನವೆಂಬರ್‌ನಿಂದ ಕೂಳೆ ಸುಟ್ಟವರು ಎರಡು ಎಕರೆಯೊಳಗಿನವರಾದರೆ 5,000, ಐದು ಎಕರೆ ಮೀರಿದವರಾದರೆ 30,000 ರೂಪಾಯಿ ತೆರಬೇಕು. ಕಬ್ಬಿನ ರವದಿಗೂ, ಅಂದರೆ ಕಟಾವಾದ ಮೇಲೆ ಉಳಿಯುವ ಒಣ ಎಲೆಗೂ, ಇಂಥ ದಂಡ ಬರಬೇಕೇ?

ಪರ

ಬರಲೇಬೇಕು. ಒಂದು ಹೆಕ್ಟೇರ್ ಕಬ್ಬಿನಲ್ಲಿ 8ರಿಂದ 10 ಟನ್ ರವದಿ ಉಳಿಯುತ್ತದೆ. ಕಡ್ಡಿ ಗೀರಿದರೆ ಅದರಲ್ಲಿದ್ದ ಸಾರಜನಕದ ಬಹುಪಾಲು ಗಾಳಿಗೆ ಹೋಯಿತು. ಅದಾದ ಮೇಲೆ ಅದೇ ರೈತ ಸೊಸೈಟಿ ಮುಂದೆ ಯೂರಿಯಾಕ್ಕೆ ಸಾಲುಗಟ್ಟುತ್ತಾನೆ!

ಮಾಡಬೇಕಾದ್ದು ದೊಡ್ಡ ವಿದ್ಯೆಯೇನಲ್ಲ. ಸಾಲು ಬಿಟ್ಟು ಸಾಲಿಗೆ ರವದಿ ಹಾಸಿ, ಖಾಲಿ ಸಾಲಿನಲ್ಲಿ ನೀರು ಹಾಯಿಸಿ. ರವದಿಯಲ್ಲಿ ಇಂಗಾಲ ಜಾಸ್ತಿ, ಸಾರಜನಕ ಕಡಿಮೆ. ಹಾಗಾಗಿ ತಾನಾಗಿ ಬೇಗ ಕೊಳೆಯದು. ಮೇಲೊಂದಿಷ್ಟು ಯೂರಿಯಾ, ಸೂಪರ್ ಫಾಸ್ಫೇಟ್ ಎರಚಿ ಸಗಣಿ ರಾಡಿ ಚೆಲ್ಲಿದರೆ ಸೂಕ್ಷ್ಮಜೀವಿಗಳು ಕೆಲಸ ಶುರು ಮಾಡುತ್ತವೆ. ಹೊದಿಕೆಯ ಕೆಳಗೆ ತೇವ ಆರುವುದಿಲ್ಲ, ಕಳೆ ಏಳುವುದಿಲ್ಲ. ಬೇಸಿಗೆಯಲ್ಲಿ ಕೂಳೆ ಕಬ್ಬಿಗೆ ಬೇಕಾದದ್ದು ಇದೇ. ಇಷ್ಟನ್ನೂ ಹೇಳಿ ಹೇಳಿ ಸಾಕಾಗಿದೆ. ಬೆಂಕಿ ಪಕ್ಕದವರ ನಿಂತ ಬೆಳೆಗೆ ಹತ್ತಿದಾಗಲೂ ಬುದ್ಧಿ ಬಾರದವರಿಗೆ ಇನ್ನೇನು ದಾರಿ?

ವಿರೋಧ

ದಂಡದ ರಸೀದಿ ಬರೆಯುವವರು ಮೊದಲು ಒಂದು ಕಟಾವಿನ ಹಂಗಾಮು ನೋಡಲಿ. ಕಬ್ಬು ರೈತನದು, ಕಟಾವು ಮಾತ್ರ ಅವನ ಕೈಯಲ್ಲಿಲ್ಲ. ಕಾರ್ಖಾನೆಯ ಸರದಿ ಬರಬೇಕು, ಮಹಾರಾಷ್ಟ್ರದ ಬೀಡ್ ಕಡೆಯಿಂದಲೋ ಮತ್ತೆಲ್ಲಿಂದಲೋ ಕಟಾವಿನ ಗ್ಯಾಂಗ್ ಬರಬೇಕು. ಬಂದವರಲ್ಲಿ ಎಷ್ಟೋ ಮಂದಿ, ಎಲೆ ಸುಲಿಯುವ ಕೆಲಸ ತಪ್ಪಲಿ, ಹಾವಿನ ಭಯವೂ ಇರಬಾರದು ಎಂದು ನಿಂತ ಕಬ್ಬಿಗೇ ಬೆಂಕಿ ಹಚ್ಚಿಸುತ್ತಾರೆ. ಸುಟ್ಟ ಕಬ್ಬಿನ ತೂಕ ಇಳಿಯುತ್ತದೆ, ದರವೂ ಕಡಿತವಾಗುತ್ತದೆ ಎಂದು ರೈತನಿಗೆ ಗೊತ್ತಿಲ್ಲವೇ? ಒಪ್ಪದಿದ್ದರೆ ಗ್ಯಾಂಗ್ ಮುಂದಿನ ಹೊಲಕ್ಕೆ ಹೋಗುತ್ತದೆ, ಇವನ ಕಬ್ಬು ಒಣಗುತ್ತದೆ.

ಇನ್ನು ಸಾಲು ಬಿಟ್ಟು ಸಾಲು ಹಾಸುವ ಮಾತು. ಆಳು ಎಲ್ಲಿ? ಕೂಲಿ ಯಾರು ಕೊಡುತ್ತಾರೆ? ಸರಿಯಾಗಿ ಹಾಸದಿದ್ದರೆ ರವದಿ ಅಡ್ಡ ಕಟ್ಟಿ ನೀರು ಮುಂದೆ ಹೋಗುವುದಿಲ್ಲ. ಪುಡಿ ಮಾಡುವ ಯಂತ್ರಕ್ಕೆ ದೊಡ್ಡ ಟ್ರ್ಯಾಕ್ಟರ್ ಬೇಕು. ಎರಡೆಕರೆಯವನ ಬಳಿ ಎರಡೂ ಇರುವುದಿಲ್ಲ. ಬಾಡಿಗೆಗೆ ಕೇಳಿದರೆ ಊರಿಗೆಲ್ಲ ಅದೇ ವಾರದಲ್ಲೇ ಬೇಕು.

ಪಂಜಾಬನ್ನೇ ನೋಡಿ. 2015ರಲ್ಲಿ ಹಸಿರು ನ್ಯಾಯಮಂಡಳಿ ಕೂಳೆ ಸುಡುವುದನ್ನು ನಿಷೇಧಿಸಿತು. 2018ರಿಂದ ಯಂತ್ರಕ್ಕೆ ರೈತರಿಗೆ ಶೇ 50, ಬಾಡಿಗೆ ಕೇಂದ್ರಗಳಿಗೆ ಶೇ 80 ಸಹಾಯಧನ. ಆದರೂ ಬೆಂಕಿ ಪೂರ್ತಿ ಆರಿಲ್ಲ. ದಂಡವೊಂದೇ ಮದ್ದಾಗಿದ್ದರೆ ಇಷ್ಟು ಹೊತ್ತಿಗೆ ದೆಹಲಿಯ ಆಕಾಶ ತಿಳಿಯಾಗಬೇಕಿತ್ತು.

ಕಬ್ಬು ಪೂರೈಸಿದ 14 ದಿನದೊಳಗೆ ಕಾರ್ಖಾನೆ ಹಣ ಕೊಡಬೇಕೆಂದು 1966ರ ಕಬ್ಬು ನಿಯಂತ್ರಣ ಆದೇಶ ಹೇಳುತ್ತದೆ. ಆದರೂ ಬಾಕಿ ಬಿಲ್ಲಿಗಾಗಿ ರೈತ ರಸ್ತೆಗಿಳಿದು ಧರಣಿ ಕೂರಬೇಕು. ಅವನು ತಪ್ಪಿದರೆ ಮಾತ್ರ ಕಾನೂನು ಓಡಿ ಬರಬೇಕೇ?

ಪರ, ಮತ್ತೊಂದು ಮಾತು

ಕಟಾವಿನ ಒತ್ತಡ ಒಪ್ಪೋಣ. ಆದರೆ ಗ್ಯಾಂಗ್ ಹೋದ ಮೇಲೆ ನೆಲದಲ್ಲಿ ಬಿದ್ದ ರವದಿಗೆ ಕಡ್ಡಿ ಗೀರಿದವರು ಯಾರು?

ಎರಡೂ ಕಡೆ ಕೇಳಿದ ಮೇಲೆ ಹೇಳುವುದಾದರೆ, ಈ ಪ್ರಶ್ನೆಗೆ ದಂಡ ವಿರೋಧಿಸುವವರ ಬಳಿ ಉತ್ತರ ಕಾಣದು. ಹಾಗೆಂದು ದಂಡವನ್ನು ಮೊದಲ ಹೆಜ್ಜೆ ಮಾಡುವುದೂ ನ್ಯಾಯವಲ್ಲ. ಕಟಾವಿನ ಸರದಿ ನಿಗದಿ ಮಾಡುವ ಕಾರ್ಖಾನೆಯೇ ಪುಡಿ ಯಂತ್ರವನ್ನೂ ಗ್ಯಾಂಗಿನ ಹಿಂದೆ ಕಳಿಸಲಿ, ಖರ್ಚಿನಲ್ಲಿ ಪಾಲು ಹೊರಲಿ. ಆಮೇಲೂ ಬೆಂಕಿ ಇಟ್ಟವರಿಗೆ ದಂಡ ಹಾಕಿ.