ಡೈನೋಸಾಸರ್ಸ್‌ಗೆ ಇನ್ನೊಂದು ಅವಕಾಶ ಸಿಗಲಿ

1987ರಲ್ಲಿ ಅಮೆರಿಕದ ಟಿ.ವಿ.ಗೆ ಬಂದ ‘ಡೈನೋಸಾಸರ್ಸ್’ ಕಾರ್ಟೂನ್ 65 ಕಂತುಗಳಿಗೇ ನಿಂತುಹೋಯಿತು. ಗಲೂಬ್ ಕಂಪನಿ ಅದರ ಆಟಿಕೆಗಳನ್ನು ಅಮೆರಿಕದ ಅಂಗಡಿಗಳಿಗೆ ತರುವ ಮೊದಲೇ ಕೈಬಿಟ್ಟಿತು. ಮುಂದೆ 1989ರ ‘ಬ್ಯಾಟ್‌ಮ್ಯಾನ್’ ಸಿನಿಮಾದ ನಿರ್ಮಾಣದಲ್ಲಿ ಪಾಲುಗೊಂಡ ಮೈಕಲ್ ಉಸ್ಲಾನ್ ಕಟ್ಟಿದ ಈ ಸರಣಿಯನ್ನು ಈಗ ಮಗಳ ಜೊತೆ ಕೂತು ಮತ್ತೆ ನೋಡುತ್ತಿದ್ದೇನೆ.

ರೆಪ್ಟಿಲಾನ್ ಗ್ರಹದಲ್ಲಿ ಡೈನೋಸಾರ್‌ಗಳು ಅಳಿಯದೆ, ಮಾತಾಡುವ ನಾಗರಿಕರಾಗಿ ಬೆಳೆದಿವೆ. ನಾಯಕ ಆಲೋ ಮತ್ತವನ ಗೆಳೆಯರು ಕಷ್ಟ ಬಂದಾಗ ತಮ್ಮ ಪೂರ್ವಜರ ದೈತ್ಯ ರೂಪಕ್ಕೆ ಮರಳುತ್ತಾರೆ, ಬುದ್ಧಿಯನ್ನು ಮಾತ್ರ ಕಳೆದುಕೊಳ್ಳುವುದಿಲ್ಲ. ಎಂಥ ಸೊಗಸಾದ ಕಲ್ಪನೆ! ಶತ್ರು ಜೆಂಘಿಸ್ ರೆಕ್ಸ್‌ನ ದಂಡಿಗೆ ಈ ವಿದ್ಯೆ ಗೊತ್ತಿಲ್ಲ.

ತಂಡದ ಡೈಮೆಟ್ರೊ ನಿಜಕ್ಕೂ ಡೈನೋಸಾರ್ ಕುಲದವನಲ್ಲ. ಬೆನ್ನ ಮೇಲೆ ಹಾಯಿಯಿದ್ದ ಡೈಮೆಟ್ರೊಡಾನ್ ನಮ್ಮಂಥ ಸಸ್ತನಿಗಳಿಗೇ ಹತ್ತಿರದ ನೆಂಟ. ಡೈನೋಸಾರ್‌ಗಳು ಹುಟ್ಟುವ ಕೋಟ್ಯಂತರ ವರ್ಷ ಮೊದಲೇ ಅಳಿದಿತ್ತು. ಇದನ್ನು ಹೇಳಿದ್ದೇ ತಡ, ಮಗಳು ಕಾರ್ಟೂನ್ ನಿಲ್ಲಿಸಿ ಪ್ರಶ್ನೆಗಳ ಮಳೆ ಸುರಿಸಿದಳು. ಇಂಥ ಕುತೂಹಲ ಹುಟ್ಟಿಸುವ ಸರಣಿ ಮೂಲೆ ಸೇರಬಾರದು. ಹಕ್ಕು ಹೊಂದಿರುವವರು ಇದರ ಎಲ್ಲ ಕಂತುಗಳನ್ನೂ ಶುದ್ಧಗೊಳಿಸಿ, ಭಾರತದ ಭಾಷೆಗಳ ದನಿಯಲ್ಲೂ ಮಕ್ಕಳಿಗೆ ತಲುಪಿಸಲಿ.